ಹನ್ನೆರಡು ತಾಸಿನ ದಾರಿ

ನನ್ನ ಹೆಂಡತಿ ಶಿವಬಸವ್ವ ಲಿಂಗೈಕ್ಯಳಾದ ದಿನ ಮಗಳು ತ್ರಿವೇಣಿ ಮೆಲ್ಬರ್ನಿನಲ್ಲಿದ್ದಳು. ಭಾವಮೈದುನ ಮಾಂತು ಮೊಬೈಲ್ ನೋಡಿ, "ಪುಣೆಕ್ಕ ಹತ್ತು ಸಾವಿರ ಕಿಲೋಮೀಟರ್ ಅದ ಮಾಮಾ, ವಿಮಾನಕ್ಕ ಹನ್ನೆರಡು ತಾಸು," ಎಂದ. ಅದನ್ನೇ ನಂಬಿ, ಮರುದಿನ ಮಧ್ಯಾಹ್ನ ಮಣ್ಣು ಮಾಡುವುದೆಂದು ಇಲ್ಲಿ ಪುಣೆಯ ನಿಗಡಿಯಲ್ಲಿದ್ದ ನಮ್ಮವರಿಗೆಲ್ಲ ತಿಳಿಸಿದೆವು.

ಮರುದಿನ ಮಣ್ಣಿಗೆ ಒಯ್ಯುವ ಹೊತ್ತಿಗೆ ತ್ರಿವೇಣಿಯ ಫೋನ್ ಬಂತು. "ಅಪ್ಪಾ, ಇನ್ನೂ ಸಿಂಗಪುರದಾಗ ಅದೀನಿ. ನೇರ ವಿಮಾನ ಸಿಗಲಿಲ್ಲ. ಮುಂದಿನದು ರಾತ್ರಿಗೆ ಅದ. ಅವ್ವನ್ನ ಒಂದಿನ ಇಟ್ಕೋರಿ."

ಬಿಸಿಲು ಏರಿತ್ತು. ಗೋಡೆಗೆ ಆನಿಸಿ ಕೂಡಿಸಿದ್ದ ಶಿವಬಸವ್ವನನ್ನು ನೋಡಿ, ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು, "ಇನ್ನ ದೇಹ ತಡಿಯೂದಿಲ್ರಿ," ಎಂದರು.

"ನಡುವೆ ಇಳಿದು ಕೂಡೂದು ಮಾಂತೂನ ಮೊಬೈಲಿಗೆ ಗೊತ್ತಿಲ್ಲೇನು?" ಎಂದು ಯಾರೋ ಚುಚ್ಚಿದರು. ಮಾಂತು ತಲೆ ಎತ್ತಲಿಲ್ಲ.

"ಕಾಯಲಿಕ್ಕೆ ಆಗೂದಿಲ್ಲ, ಯವ್ವಾ," ಎಂದು ಫೋನಿನಲ್ಲಿ ಮಗಳಿಗೆ ಹೇಳಿದೆ.

ಸಮಾಧಿಯಲ್ಲಿ ಶಿವಬಸವ್ವನ ಎಡಗೈಯಲ್ಲಿ ಲಿಂಗವಿಟ್ಟರು. ಎಲ್ಲರೂ ಹಿಡಿಮಣ್ಣು ಹಾಕಿದರು. ನಾನೂ ಹಾಕಿದೆ. ಮಗಳ ಪಾಲಿನ ಒಂದು ಹಿಡಿಯನ್ನು ಶಲ್ಯದ ಚುಂಗಿಗೆ ಕಟ್ಟಿಕೊಂಡೆ.

ಮರುದಿನ ತ್ರಿವೇಣಿ ಮನೆಗೂ ಹೋಗದೆ ಸಮಾಧಿಗೇ ಬಂದಳು. ಗಂಟು ಬಿಚ್ಚಿ ಮಣ್ಣನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಾಕಲಿಲ್ಲ; ಮುಷ್ಟಿ ಬಿಗಿ ಹಿಡಿದು ಕುಳಿತಳು. ನಾನೂ ಅವಳ ಪಕ್ಕದಲ್ಲಿ ಕುಳಿತೆ.