ಒಂದು ಬೆರಳಿಗೆ ಏಳುವ ಬಾನೆಟ್

ಕಪ್ಪಗೆ, ಗೋಂದಿನ ಹಾಗೆ ಎಳೆಎಳೆಯಾಗಿ ಬರುತ್ತಿದೆ, ಇದು ಗ್ರೀಸಂತೆ, ಯಾವ ಕಾಲದ್ದೋ ಏನೋ, ಧೂಳು ಕುಡಿದು ಕುಡಿದು ಮೇಣವಾಗಿದೆ — ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕುತ್ತೇನೆ, ಇನ್ನೂ ಬರುತ್ತದೆ, ಮುಗಿಯುವುದೇ ಇಲ್ಲವಲ್ಲ ಮಹರಾಯ, ಲಾರಿಯ ವಯಸ್ಸಿನಷ್ಟೂ ಕೊಳೆ ಬಾನೆಟ್ಟಿನ ಅಂಗೈಯಗಲದ ಈ ಕೊಂಡಿಯಲ್ಲೇ ಬಂದು ಕೂತಿದೆ. ಮೂವತ್ತು ವರ್ಷ ಬಟ್ಟೆ ಹೊಲಿದ ಕೈ ಇದು, ಗಿರಾಕಿಯ ಬಿಳಿ ಅಂಗಿಯ ಮೇಲೆ ಒಂದು ಬೆರಳಚ್ಚೂ ಬಿಟ್ಟದ್ದಿಲ್ಲ, ಈಗ ನೋಡಿದರೆ ಮೊಣಕೈವರೆಗೆ ಮಸಿ, ಆದರೂ ಯಾಕೋ ಖುಷಿ, ಸೀಟಿ ಹೊಡೆಯೋಣ ಅನ್ನಿಸುತ್ತದೆ, ಹೊಡೆದರೆ ಒಳಗೆ ಕೇಳಿಸುತ್ತದೆ, ಬೇಡ. ಬಚ್ಚಲಲ್ಲಿ ನೀರಿನ ಸದ್ದು, ಅವಳು ಈಗಷ್ಟೇ ಸ್ನಾನಕ್ಕೆ ಹೋದಳು, ಅರ್ಧ ಗಂಟೆ ಸಿಕ್ಕಿತು. ಒಂಬತ್ತಕ್ಕೆ ಹಾಸಿಗೆ ಅಂಗಡಿಯ ಲೋಡು, ಮೂರು ತಿಂಗಳಾದ ಮೇಲೆ ಮೊದಲ ಬಾಡಿಗೆ, ಇವತ್ತು ಗಾಡಿ ತೆಗೀತೀನಿ, ಯಾರೂ ಅಡ್ಡ ಬರೋದು ಬೇಡ ಎಂದು ಬೆಳಿಗ್ಗೆ ಗೋಡೆಗೆ ಹೇಳಿದಳು. ನನಗಲ್ಲ, ಗೋಡೆಗೆ. ನಾಲ್ಕು ದಿನದಿಂದ ಹೀಗೇ, ಇಲ್ಲಿ ಯಾರಿಗೋ ಟೀ ಆರ್ತಾ ಇದೆ, ಯಾರದೋ ಒದ್ದೆ ಟವಲ್ಲು ಕುರ್ಚಿ ಮೇಲೆ ಬಿದ್ದಿದೆ — ಮನೆಯಲ್ಲಿರುವವರೇ ಇಬ್ಬರು, ಆ ಯಾರೋ ನಾನೇ. ರೀ ಅನ್ನುವ ಒಂದಕ್ಷರ ಕಿವಿಗೆ ಬಿದ್ದು ನಾಲ್ಕು ದಿನವಾಯಿತು.

ತಪ್ಪು ನನ್ನದೇ, ಬಾಯಿ ನನ್ನದೇ. ಲಾರಿ ಅವಳದು, ಅವಳಪ್ಪ ಓಡಿಸಿದ್ದು, ಆಮೇಲೆ ಇಪ್ಪತ್ತೆರಡು ವರ್ಷ ಅವಳು ಓಡಿಸಿದ್ದು, ಬೀದಿಗೆಲ್ಲ ಲಾರಿಯಕ್ಕ, ನಾನು ಲಾರಿಯಕ್ಕನ ಗಂಡ, ನನ್ನ ಅಂಗಡಿಯ ಬೋರ್ಡನ್ನು ಯಾರೂ ಓದುವುದಿಲ್ಲ, ಲಾರಿಯಕ್ಕನ ಗಂಡನ ಹತ್ತಿರ ಹೊಲಿಸಿದೆ ಅನ್ನುತ್ತಾರೆ, ಅನ್ನಲಿ, ನನಗದು ಬಿರುದೇ. ಮೂರು ತಿಂಗಳ ಹಿಂದೆ ಲಾರಿಯ ಹಿಂದಿನ ಹಲಗೆಯಿಂದ ಒದ್ದೆ ನೆಲಕ್ಕೆ ಹಾರಿದಳು, ಐವತ್ತರ ಮೇಲೆ ಹಾರುವುದೇನು, ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಚಪ್ಪಲಿಯನ್ನು ಎದೆಗವಚಿಕೊಂಡು ಕೂತಿದ್ದು ಅವಳಿಗೆ ಗೊತ್ತಿಲ್ಲ. ಕಳೆದ ವಾರ ಪಟ್ಟಿ ಬಿಚ್ಚಿದ ಡಾಕ್ಟರಮ್ಮ, ಮೂಳೆ ಚೆನ್ನಾಗಿ ಕೂತಿದೆ, ಗಾಡಿ ಓಡಿಸಿ, ಆದರೆ ಆರು ತಿಂಗಳು ಈ ಕೈಯಲ್ಲಿ ಗುದ್ದೋ ಹಾಗಿಲ್ಲ, ಯಜಮಾನರನ್ನೂ ಸೇರಿಸಿ ಹೇಳ್ತಿದೀನಿ ಎಂದರು, ಮೂವರೂ ನಕ್ಕೆವು. ನಗುತ್ತಲೇ ಮನೆಗೆ ಬಂದೆವು, ಅಲ್ಲಿ ಭಾವಮೈದ ಕೂತಿದ್ದ, ಅವನೆದುರಿಗೆ ಅಂದುಬಿಟ್ಟೆ — ಸಾಕು ಇನ್ನು, ಗಾಡಿ ಮಾರಿಬಿಡೋಣ. ಹೆದರಿಕೆಯಾಗುತ್ತೆ ಕಣೇ ಅನ್ನಬೇಕಾಗಿತ್ತು, ಮಾರಿಬಿಡೋಣ ಅಂದೆ. ಮರುದಿನವೇ ಆ ಮಹಾನುಭಾವ ಕೊಳ್ಳುವವನೊಬ್ಬನನ್ನು ಕರೆದುಕೊಂಡು ಬಂದು ಚಕ್ರ ಒದೆಸಿ ನೋಡಿಸಿದ. ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಬ್ರಷ್ಷು ಸಾಕು, ಈಗ ಬಟ್ಟೆ. ಕೊಂಡಿ ಬೆಳ್ಳಗೆ ಕಾಣುತ್ತಿದೆ, ಸ್ಪ್ರಿಂಗು ಕೂಡ, ಅಯ್ಯೋ ಇದು ನಮ್ಮ ಹುಕ್ಕೇ ಅಲ್ಲವೇ, ರವಿಕೆಯ ಹುಕ್ಕು, ಬಾನೆಟ್ಟಿನ ಗೂಟ ಬಂದು ಇದರಲ್ಲಿ ಸಿಕ್ಕಿಕೊಳ್ಳುತ್ತದೆ, ಒಳಗೆ ಕೂತು ಲಿವರ್ ಎಳೆದರೆ ತಂತಿ ಹುಕ್ಕನ್ನು ಸರಿಸುತ್ತದೆ, ಅಷ್ಟೇ ಸಂಗತಿ. ಇಷ್ಟು ವರ್ಷ ಬರೀ ಎಳೆತಕ್ಕೆ ಇದು ಸರಿಯುತ್ತಿರಲಿಲ್ಲ. ರೇಡಿಯೇಟರಿಗೆ ದಿನಾ ನೀರು ಬೇಕು, ದಿನಾ ಬೆಳಿಗ್ಗೆ ನಾನು ಒಳಗೆ, ಅವಳು ಮುಂದೆ, ಹೂಂ, ಎಳೀತಿದೀನಿ, ಹೂಂ, ಗುದ್ದು — ಮುಷ್ಟಿ ಕಟ್ಟಿ ಒಂದೇ ಜಾಗಕ್ಕೆ ಗುದ್ದುತ್ತಿದ್ದಳು, ಆಗ ಏಳುತ್ತಿತ್ತು. ದಾರಿಯಲ್ಲಿ ಯಾರನ್ನಾದರೂ ಕರೆದು ಲಿವರ್ ಎಳೆಸುತ್ತಿದ್ದಳು. ಇವತ್ತೂ ಗುದ್ದುತ್ತಾಳೆ, ನನಗೆ ಗೊತ್ತು, ಹೊಸದಾಗಿ ಕೂಡಿದ ಮೂಳೆಯಲ್ಲಿ ಗುದ್ದುತ್ತಾಳೆ, ಬೇಡ ಅಂದರೆ ಎರಡು ಗುದ್ದುತ್ತಾಳೆ. ಆದ್ದರಿಂದಲೇ ಇದೆಲ್ಲ. ಬೆಳಿಗ್ಗೆ ಅವಳು ಹಾಲಿಗೆ ಹೋಗಿದ್ದಾಗ ಬಾನೆಟ್ಟನ್ನು ತೆಗೆಯಲು ನಾನೊಬ್ಬನೇ ಪಟ್ಟ ಪಾಡು ಯಾರೂ ನೋಡಲಿಲ್ಲ, ಪುಣ್ಯ, ಲಿವರನ್ನು ಎಳೆದು ಪೈಜಾಮದ ಲಾಡಿಯಿಂದ ಸೀಟಿನ ಕಾಲಿಗೆ ಕಟ್ಟಿ, ಓಡಿ ಬಂದು ಗುದ್ದಿ, ಲಾಡಿ ಬಿಚ್ಚಿಕೊಂಡು, ಮತ್ತೆ ಕಟ್ಟಿ, ಮತ್ತೆ ಓಡಿ, ಐದನೆಯ ಸಲಕ್ಕೆ ಎದ್ದಿತು, ಅವಳು ಬರುವ ಹೊತ್ತಿಗೆ ಕೊಂಡಿಗೆ ಸಿಕ್ಕಿಸದೆ ಮೆಲ್ಲಗೆ ಇಳಿಸಿಟ್ಟೆ.

ಆಗಲೇ ಮೊದಲು ಹೊಲಿಗೆ ಮಿಷಿನ್ನಿನ ಎಣ್ಣೆ ಬಿಟ್ಟಿದ್ದೆ, ನನಗೆ ತಿಳಿದ ಎಣ್ಣೆ ಅದೊಂದೇ, ಎದುರುಗಡೆ ಗ್ಯಾರೇಜಿನವನು ಹೊಟ್ಟೆ ಹಿಡಿದುಕೊಂಡು ನಕ್ಕ, ಟೈಲರಣ್ಣ, ಇದೇನು ರವಿಕೆ ಹೊಲಿಯೋ ಲಾರಿನಾ, ಈ ಎಣ್ಣೆ ಎರಡು ದಿನಕ್ಕೆ ಇಳಿದು ಹೋಗುತ್ತೆ, ಆ ತಂತಿಯೊಳಗೆ ಬೇಕಾದ್ರೆ ನಾಲ್ಕು ಹನಿ ಬಿಡಿ, ಕೊಂಡಿಗೆ ಮಾತ್ರ ಗ್ರೀಸೇ ಆಗ್ಬೇಕು. ಬಾಟಲಿ ಮುಚ್ಚಳದಲ್ಲಿ ಒಂದಿಷ್ಟು ಕೊಟ್ಟ. ಕೊಂಡಿ ಒಂದು ಕಡೆಗೆ ವಾಲಿದೆ, ಬೋಲ್ಟು ಸಡಿಲಿಸಿ ಸರಿಸಬೇಕು ಎಂದ, ನಾನು ಸಡಿಲಿಸುವ ಮೊದಲು ಅಭ್ಯಾಸಬಲದಿಂದ ಸೀಮೆಸುಣ್ಣದ ಬಿಲ್ಲೆಯಲ್ಲಿ ಸುತ್ತ ಗೆರೆ ಎಳೆದೆ, ಗುರುತು ಹಾಕದೆ ಕತ್ತರಿ ಇಡುವುದುಂಟೆ — ಅವನ ನಗು ಅಲ್ಲಿಗೆ ನಿಂತಿತು, ಇದು ನನಗ್ಯಾಕೆ ಹೊಳೀಲಿಲ್ಲ ಎಂದು ತಲೆ ಕೆರೆದುಕೊಂಡ, ಆ ಕ್ಷಣ ನಾನು ಎರಡಿಂಚು ಎತ್ತರವಾದೆ. ಗೆರೆಯಿಂದ ಒಂದು ನೂಲು ಎಡಕ್ಕೆ, ಬಿಗಿ, ಗ್ರೀಸು, ಬೆರಳಲ್ಲೇ ಹಚ್ಚುತ್ತೇನೆ, ಮಗುವಿನ ತಲೆಗೆ ಎಣ್ಣೆ ಹಚ್ಚಿದ ಹಾಗೆ. ಮುಚ್ಚೋ ಮೊದಲು ಕೊಂಡಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ನೋಡಿ, ಹಾಗೇ ಮುಚ್ಚಿ ಅದು ಬಿಡದೇ ಹೋದ್ರೆ ಮುಂದಿನ ಜಾಲರಿನೇ ಬಿಚ್ಚಬೇಕು ಎಂದಿದ್ದಾನೆ ಗ್ಯಾರೇಜಿನವನು. ಸಿಕ್ಕಿಸಿದೆ, ಟಕ್, ಹಿಡಿದುಕೊಂಡಿತು, ಓಡಿಹೋಗಿ ಒಂದು ಬೆರಳಿನಲ್ಲಿ ಲಿವರ್ ಎಳೆದೆ — ಬಿಟ್ಟಿತು! ಇನ್ನೊಮ್ಮೆ, ಬಿಟ್ಟಿತು. ಮುಚ್ಚಿದೆ.

ಬಚ್ಚಲಿನ ಸದ್ದು ಯಾವಾಗ ನಿಂತಿತೋ, ಬಾಗಿಲಲ್ಲಿ ನಿಂತಿದ್ದಾಳೆ, ಒದ್ದೆ ಕೂದಲು, ಕೈಯಲ್ಲಿ ಬೀಗದ ಕೈ, ನನ್ನ ಮಸಿ ಮುಖ ನೋಡುತ್ತಾಳೆ, ನಗುವುದಿಲ್ಲ. ಮುಷ್ಟಿ ಕಟ್ಟಿಕೊಂಡೇ ಲಾರಿಯ ಮುಂದೆ ಬಂದು ನಿಂತಳು. ಗುದ್ದಬೇಡ ಕಣೇ, ಒಬ್ಬಳೇ ತೆಗೀಬಹುದು ಈಗ, ಯಾರೂ ಬೇಡ, ಎಲ್ಲಿ ಬೇಕಾದರೂ ಹೋಗು, ಮಾರೋದು ಬೇಡ, ಹೆದರಿಕೆಯಿಂದ ಹಾಗಂದೆ, ನನಗೆ ಹೆದರಿಕೆಯಾಯಿತು ಕಣೇ — ಅಂತೂ ಅಂದೆ, ಎಲ್ಲ ಒಟ್ಟಿಗೆ, ಒಂದೇ ಉಸಿರಿಗೆ. ಅವಳು ಕೊಂಡಿಯ ಜಾಗ ನೋಡಿದಳು, ನನ್ನ ಕೈ ನೋಡಿದಳು, ಮುಷ್ಟಿ ಬಿಚ್ಚಿತು. ರೀ, ಎಂದಳು. ರೀ, ಹತ್ತಿ ಕೂತ್ಕೊಳ್ಳಿ, ಎಳೀರಿ ನೋಡೋಣ. ಒಬ್ಬಳೇ ತೆಗೀಬಹುದು ಅಂದ್ನಲ್ಲೇ. ಗೊತ್ತಾಯ್ತು ರೀ, ನೀವು ಎಳೀರಿ. ಹತ್ತಿದೆ, ಕೂತೆ, ಬೆರಳಿಟ್ಟೆ, ಟಕ್, ನೀಲಿ ತಗಡು ಎದ್ದು ಗಾಜಿನ ತುಂಬ ಅದೇ, ಅವಳು ಕಾಣಲಿಲ್ಲ, ಮುಚ್ಚಿದಳು, ಅವಳ ಮುಖ, ಇನ್ನೊಂದ್ಸಲ ರೀ, ಟಕ್, ನೀಲಿ, ಮತ್ತೆ ಅವಳ ಮುಖ, ಒದ್ದೆ ಕೂದಲು ಹಣೆಗೆ ಅಂಟಿದೆ, ನಗುತ್ತಿದ್ದಾಳೆ, ಹಾಸಿಗೆಯವನು ಕಾಯಲಿ ಬಿಡು, ಟಕ್, ನೀಲಿ — ಅವಳ ಮುಖ — ಟಕ್ — ಅವಳ ಮುಖ