ಪಾಲಿನ ಕಾರಿನ ವಾರಂಟಿ

ಕುಷ್ಟಗಿಯಿಂದ ಯಲಬುರ್ಗಾಕ್ಕೆ ದಿನಾ ನೌಕರಿಗೆ ಹೋಗಿಬರುತ್ತಿದ್ದ ಇಬ್ಬರು ಹೆಂಗಸರು ಪಾಲು ಹಾಕಿ ಒಂದು ಹೈಬ್ರಿಡ್ ಕಾರು ಕೊಂಡಿದ್ದರು. ಒಬ್ಬಳು ಶಾಯಿಸ್ತಾ, ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಇನ್ನೊಬ್ಬಳು ಅವಳಿಗಿಂತ ತುಸು ದೊಡ್ಡವಳಾದ ಸುನಿತಾ, ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ. ಬಸ್ಸಿನಲ್ಲಿ ಪರಿಚಯವಾದವರು. ಬಸ್ಸಿಗೆ ಕಾಯುವುದರಲ್ಲಿ ಆ ಪರಿಚಯ ಗಟ್ಟಿಯಾಯಿತು. ಒಂದು ದಿನ ಬಸ್ಸು ಬರಲೇ ಇಲ್ಲ. ಟಂಟಂ ಆಟೊದಲ್ಲಿ ಎರಡು ಕುರಿಮರಿಗಳ ಪಕ್ಕ ಕೂತು ಊರು ಮುಟ್ಟಿದರು. ಇಳಿದು ಸೀರೆ ಜಾಡಿಸಿಕೊಳ್ಳುತ್ತ ಸುನಿತಾ, ಒಂದು ಗಾಡಿ ತಗೊಳ್ಳೋಣ ಎಂದಳು. ಶಾಯಿಸ್ತಾ ಹೂಂ ಎಂದಳು. ಅಷ್ಟೇ ಚರ್ಚೆ ನಡೆದದ್ದು.

ಕಾರಿಗೆ ಪೆಟ್ರೋಲ್ ಎಂಜಿನ್ನೂ ಇತ್ತು, ಬ್ಯಾಟರಿಯ ಮೋಟರೂ ಇತ್ತು. ಯಾವಾಗ ಯಾವುದು ಎಳೆಯಬೇಕೆಂಬುದನ್ನು ಕಾರೇ ತೀರ್ಮಾನಿಸಿಕೊಳ್ಳುತ್ತಿತ್ತು. ಮಿಕ್ಕ ತೀರ್ಮಾನಗಳನ್ನೆಲ್ಲ ಇವರಿಬ್ಬರು ಮಾಡಿಕೊಂಡರು. ದೊಡ್ಡವಳೆಂದು ಆರ್.ಸಿ. ಸುನಿತಾಳ ಹೆಸರಿನಲ್ಲಾಯಿತು. ಕಾರು ಶಾಯಿಸ್ತಾಳ ಮನೆಯ ಮುಂದೆ ನಿಂತಿತು, ಏಕೆಂದರೆ ಸುನಿತಾಳ ಓಣಿ ಸಣ್ಣದು. ಒಂದು ದಿನ ಇವಳು ನಡೆಸಿದರೆ ಮರುದಿನ ಅವಳು. ಹಾದಿಯಲ್ಲಿ ಇಬ್ಬರೂ ಮಾತಾಡುತ್ತಿದ್ದರು. ಮನೆಯಲ್ಲಿ ಯಾರಿಗೂ ಹೇಳದ ಮಾತುಗಳೂ ಅದರಲ್ಲಿ ಇದ್ದವು, ಬದನೆಕಾಯಿಯ ಮಾತುಗಳೂ ಇದ್ದವು.

ಮೂರು ವರ್ಷ ಹೀಗೆ ನಡೆದ ಮೇಲೆ ಕೊಪ್ಪಳದ ಶೋರೂಮಿನಿಂದ ವಾಹೀದ ಎಂಬ ಹುಡುಗ ಶಾಯಿಸ್ತಾಳಿಗೆ ಫೋನ್ ಮಾಡಿದ. ಕಂಪನಿಯ ವಾರಂಟಿ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಅದಕ್ಕೂ ಮೊದಲು ಹಣ ಕಟ್ಟಿದರೆ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಮುಂದುವರಿಸಬಹುದು, ಮುಗಿದ ಮರುದಿನ ಬಂದರೆ ತಾನು ಏನೂ ಮಾಡಲಾರೆ ಎಂದ.

ಮರುದಿನ ಕಾರಿನಲ್ಲಿ ಶಾಯಿಸ್ತಾ ಈ ವಿಷಯ ಹೇಳಿ, ಎರಡು ವರ್ಷಕ್ಕೆ ತಗೊಳ್ಳೋಣ ಎಂದಳು. ಸುನಿತಾ ಬೇಡ ಎಂದಳು.

ಶಾಯಿಸ್ತಾ ಬ್ರೇಕ್ ಮೇಲೆ ಕಾಲಿಟ್ಟಳು. ಸುನಿತಾ ಯಾವ ತರದ ಹೆಂಗಸೆಂದರೆ, ಮಳೆ ಅಪರೂಪವಾದ ಕುಷ್ಟಗಿಯಲ್ಲಿ ಕಾರಿನೊಳಗೆ ಎರಡು ಛತ್ರಿ ಇಡುವವಳು. ಮಿಕ್ಸರಿಗೂ ಹೆಚ್ಚಿನ ವಾರಂಟಿ ಕೊಂಡವಳು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ಹಾದಿಯಿಂದ ಕಾರು ತಿರುಗಿಸಿದವಳು. ಅಂಥವಳು ಬೇಡ ಎನ್ನುತ್ತಿದ್ದಾಳೆ.

ಕಾರಣ ಕೇಳಿದರೆ ಸುನಿತಾ ಅರ್ಥಶಾಸ್ತ್ರ ಹೇಳಿದಳು. ಗಾಡಿ ಕೆಡುವ ಸಂಭವ ಎಷ್ಟೆಂಬುದು ಮಾಡಿದವರಿಗೆ ಗೊತ್ತಿರುತ್ತದೆ, ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಹೆಚ್ಚು ಕೆಡುವಂತಿದ್ದರೆ ಅವರು ವಾರಂಟಿ ಮಾರುತ್ತಲೇ ಇರಲಿಲ್ಲ. ದೊಡ್ಡ ಬ್ಯಾಟರಿಗೆ ಹೇಗೂ ಕಂಪನಿಯದೇ ಬೇರೆ ವಾರಂಟಿ ಇದೆ, ಅದಕ್ಕೆ ಇನ್ನೂ ವರ್ಷಗಳಿವೆ. ಶಾಯಿಸ್ತಾ ತನ್ನ ಕಸುಬಿನಿಂದ ಉತ್ತರ ಕೊಟ್ಟಳು. ಬ್ಯಾಟರಿ ಬಿಟ್ಟರೆ ಕಾರಿನೊಳಗೆ ಇನ್ನೂ ಏನೇನೋ ಇದೆ. ಗುಳಿಗೆಯ ತಾರೀಖು ಮುಗಿದ ಮರುದಿನ ಅದು ವಿಷವಾಗುವುದಿಲ್ಲ ನಿಜ, ಹಾಗಂತ ನಾನೇನು ಅದನ್ನು ರೋಗಿಗೆ ಕೊಡುತ್ತೇನೆಯೇ? ಸುನಿತಾ ಕಿಟಕಿಯ ಹೊರಗೆ ನೋಡಿದಳು. ಅಲ್ಲಿ ದಾಳಿಂಬೆ ತೋಟದವರು ಬಿಸಿಲು ಬಡಿಯದಂತೆ ಗಿಡಗಳ ಮೇಲೆ ಬಿಳಿ ಬಟ್ಟೆ ಹೊದಿಸುತ್ತಿದ್ದರು.

ವಾರವಿಡೀ ಇದೇ ಮಾತು ನಡೆಯಿತು. ಬೇರೆ ಮಾತು ನಿಂತುಹೋಯಿತು.

ಶಾಯಿಸ್ತಾ ತನ್ನ ಗಂಡನನ್ನು ಕೇಳಿದಳು. ತಾಹೇರ ಬಸ್‌ಸ್ಟ್ಯಾಂಡಿನ ಹತ್ತಿರ ತೋಟಕ್ಕೆ ಔಷಧ ಹೊಡೆಯುವ ಪಂಪುಗಳ ಅಂಗಡಿ ಇಟ್ಟಿದ್ದ. ಗ್ಯಾರಂಟಿ ಅಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು, ನಾನೂ ಕೊಡುತ್ತೇನೆ ಎಂದ. ಕೆಟ್ಟ ಪಂಪು ಹಿಡಿದುಕೊಂಡು ಯಾರಾದರೂ ಬರುವುದು ಕಂಡರೆ ತಾನು ನಮಾಜಿಗೆ ಹೋಗುತ್ತೇನೆ ಎಂದೂ ಹೇಳಿದ. ನಮಾಜಿನ ಹೊತ್ತಾಗಿರದಿದ್ದರೆ ಎಂದು ಅವಳು ಕೇಳಿದ್ದಕ್ಕೆ, ಆಗ ಸ್ವಲ್ಪ ಮೊದಲೇ ಹೋಗುತ್ತೇನೆ ಎಂದ.

ಆಮೇಲೆ ಇಬ್ಬರೂ ಕೂಡಿ ಕಾರನ್ನು ಹಾಜಿಸಾಬರ ಗ್ಯಾರೇಜಿಗೆ ಒಯ್ದರು. ಕುಷ್ಟಗಿಯ ಅರ್ಧ ಗಾಡಿಗಳನ್ನು ಬಿಚ್ಚಿ ಜೋಡಿಸಿದ ಹಿರಿಯರು. ಅವರು ಬಾನೆಟ್ ಎತ್ತಿ ಬಹಳ ಹೊತ್ತು ಒಳಗೆ ನೋಡಿದರು. ಕಿತ್ತಳೆ ಬಣ್ಣದ ದಪ್ಪ ವೈರುಗಳ ಹತ್ತಿರ ಕೈ ಒಯ್ದು, ಮುಟ್ಟದೆ ವಾಪಸ್ ತೆಗೆದರು. ಬಾನೆಟ್ ಮುಚ್ಚಿ ಚಹಾ ತರಿಸಿದರು. ಇದು ತನಗೆ ತಿಳಿಯುವುದಿಲ್ಲ, ಕೆಟ್ಟರೆ ತನ್ನ ಹತ್ತಿರ ತರಬೇಡಿ ಎಂದರು. ಆ ವಾರದಲ್ಲಿ ಅವರಿಗೆ ಸಿಕ್ಕ ಸಲಹೆಗಳಲ್ಲಿ ಅದೊಂದೇ ಸ್ಪಷ್ಟವಾಗಿತ್ತು.

ಎರಡನೇ ಶನಿವಾರ ಸುನಿತಾಳಿಗೆ ರಜೆ ಇತ್ತು. ಶಾಯಿಸ್ತಾ ಆ ದಿನ ಆಸ್ಪತ್ರೆಗೆ ರಜೆ ಹಾಕಿದಳು. ಕಾರಿನ ಸರ್ವಿಸೂ ಆಗಬೇಕಿತ್ತು, ಎದುರಿಗೆ ಕೂತು ಕೇಳಿ ಒಂದು ತೀರ್ಮಾನಕ್ಕೆ ಬರೋಣವೆಂದು ಇಬ್ಬರೂ ಕೊಪ್ಪಳಕ್ಕೆ ಹೋದರು. ಗಾಡಿಯನ್ನು ಒಳಗೆ ಬಿಟ್ಟು ವಾಹೀದನ ಟೇಬಲ್ಲಿನ ಮುಂದೆ ಕೂತರು. ವಾಹೀದ ಟೈ ಕಟ್ಟಿದ್ದ. ಎರಡು ವರ್ಷದ ವಾರಂಟಿಯಲ್ಲಿ ಏನೇನು ಬರುತ್ತದೆಂದು ಒಂದೇ ಉಸಿರಿನಲ್ಲಿ ಹೇಳಿದ. ಬಾರದವುಗಳನ್ನು ಹೇಳುವಾಗ ಉಸಿರು ತೆಗೆದುಕೊಂಡ. ಟೈರು, ಗಾಜು, ಬಲ್ಬು, ಇಲಿ ಕಡಿದ ವೈರು ಬರುವುದಿಲ್ಲ.

ಶಾಯಿಸ್ತಾ, ಇವರು ಬೇಡ ಅಂತಾರೆ, ನೀವೇ ತಿಳಿಸಿ ಹೇಳಿ ಎಂದಳು. ವಾಹೀದ ಸುನಿತಾಳ ಕಡೆ ತಿರುಗಿ, ಆರ್.ಸಿ. ಅವಳ ಹೆಸರಿನಲ್ಲಿರುವುದನ್ನು ಕಂಪ್ಯೂಟರಿನಲ್ಲಿ ನೋಡಿ, ಗುರುತು ಹತ್ತಿದವನಂತೆ ನಕ್ಕ.

"ಮೇಡಂ, ಮೊನ್ನೆ ನೀವು ಫೋನ್‌ನ್ಯಾಗ ಕೇಳಿದ್ದನ್ನ ನಾ ಹುಬ್ಬಳ್ಳಿ ಆಫೀಸಿಗೆ ಕೇಳೀನ್ರಿ," ಎಂದ. "ನೀವು ಗಂಗಾವತಿಗೆ ಹೋಗಿ, ಆರ್.ಸಿ. ಇವರ ಹೆಸರಿಗೆ ಮಾಡಿಕೊಟ್ರೂ ವಾರಂಟಿ ಹಂಗ ನಡೀತೈತ್ರಿ. ಇವರೊಬ್ರ ಗಾಡಿ ಇಟ್ಕೊಂಡ್ರೂ ಏನೂ ತೊಂದ್ರಿ ಇಲ್ಲ."

ಒಳ್ಳೆಯ ಸುದ್ದಿ ಹೇಳಿದೆನೆಂದುಕೊಂಡ ವಾಹೀದ, ಇಬ್ಬರೂ ಸಂತೋಷಪಡಲಿ ಎಂದು ಕಾಯುತ್ತ ಕೂತ.

"ಯಾವಾಗ ಹೋಗ್ತೀರಿ?" ಎಂದು ಶಾಯಿಸ್ತಾ ಕೇಳಿದಳು.

ಬಹಳ ದಿನಗಳಿಂದ ಅವಳು ಸುನಿತಾಳಿಗೆ ಅಕ್ಕ ಎಂದು, ನೀನು ಎಂದು ಮಾತಾಡುತ್ತಿದ್ದಳು. ಬಸ್ಸಿನ ಕಾಲದ ಆ 'ರಿ' ಈಗ ವಾಪಸ್ ಬಂದದ್ದು ಸುನಿತಾಳ ಕಿವಿಗೆ ಬಿತ್ತು.

"ಪರೀಕ್ಷಾ ಮುಗದ ಮ್ಯಾಲ," ಎಂದಳು. "ವರ್ಗ ಆಗೈತಿ."

ಸುನಿತಾಳ ಗಂಡ ಕೊಟ್ರೇಶ ಬ್ಯಾಂಕಿನವನು. ಹೋದ ವರ್ಷ ಅವನನ್ನು ಶ್ರೀರಾಮನಗರದ ಶಾಖೆಗೆ ಹಾಕಿದ್ದರು. ಅವನು ಗಂಗಾವತಿಯಲ್ಲಿ ಕೋಣೆ ಮಾಡಿಕೊಂಡು ಶನಿವಾರಕ್ಕೊಮ್ಮೆ ಬರುತ್ತಿದ್ದುದು ಶಾಯಿಸ್ತಾಳಿಗೂ ಗೊತ್ತಿತ್ತು. ಹೆಂಡತಿ ವರ್ಗಕ್ಕೆ ಅರ್ಜಿ ಹಾಕಿದ್ದು, ಅದು ಮಂಜೂರಾದದ್ದು ಗೊತ್ತಿರಲಿಲ್ಲ. ಅಲ್ಲಿ ಬಾಡಿಗೆ ಮನೆಯನ್ನೂ ನೋಡಿಟ್ಟಾಗಿತ್ತು. ಹೊಸ ಕಾಲೇಜು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ.

ವಾಹೀದ ಇಬ್ಬರಿಗೂ ಚಹಾ ತರಿಸಿದ. ಎರಡು ವರ್ಷ ಹೆಚ್ಚಾಗುವುದಾದರೆ ಒಂದು ವರ್ಷದ್ದೂ ಇದೆ ಎಂದು ನೆನಪಿಸಿದ. ಶಾಯಿಸ್ತಾ ವಿಚಾರ ಮಾಡಿ ಹೇಳುತ್ತೇನೆ ಎಂದಳು. ಸರ್ವಿಸ್ ಮುಗಿಯುವವರೆಗೆ ಇಬ್ಬರೂ ಒಂದೇ ಸೋಫಾದಲ್ಲಿ, ನಡುವೆ ಎರಡೂ ವ್ಯಾನಿಟಿ ಬ್ಯಾಗುಗಳನ್ನು ಇಟ್ಟುಕೊಂಡು ಕೂತಿದ್ದರು.

ಆ ದಿನ ಗಾಡಿ ನಡೆಸುವ ಪಾಳಿ ಸುನಿತಾಳದಿತ್ತು. ಆದರೆ ಬರುವಾಗ ಶಾಯಿಸ್ತಾ ಹೋಗಿ ಸ್ಟೇರಿಂಗ್ ಮುಂದೆ ಕೂತಳು. ಕೊಪ್ಪಳ ದಾಟುವವರೆಗೆ ಕಾರು ಬ್ಯಾಟರಿಯ ಮೇಲೆಯೇ ಓಡಿತು. ಸದ್ದೇ ಇಲ್ಲದ ಕಾರಿನಲ್ಲಿ ಮಾತಾಡದೆ ಕೂರುವುದು ಕಷ್ಟ. ಹೆದ್ದಾರಿಗೆ ಬಂದು ಎಂಜಿನ್ ಶುರುವಾದಾಗ ಇಬ್ಬರಿಗೂ ಸ್ವಲ್ಪ ಹಗುರಾಯಿತು. ಎದುರಿನಿಂದ ಗ್ರಾನೈಟ್ ಬಂಡೆ ಹೇರಿದ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು.

"ಎರಡು ವರ್ಷಕ್ಕ ಅಂತ ನಾನೂ ಅರ್ಧ ರೊಕ್ಕ ಕೊಟ್ರ ಅದು ಸುಳ್ಳ ಆಗತಿತ್ತು," ಎಂದಳು ಸುನಿತಾ. "ಬ್ಯಾಡ ಅಂದ್ರ ನೀ ಕಾರಣ ಕೇಳತಿದ್ದಿ. ಕೇಳಿದಿ. ನಾ ಪಾಠ ಹೇಳಿದೆ."

ಶಾಯಿಸ್ತಾ ಒಂದು ಲಾರಿಯನ್ನು ಹಿಂದೆ ಹಾಕಿದಳು. ಆಮೇಲೆ ಕೇಳಿದಳು:

"ಶೋರೂಮಿನ ಹುಡುಗಗ ಹೇಳಾಕ ಬಾಯಿ ಬಂತು. ನನಗ ಹೇಳಾಕ ಬರಲಿಲ್ಲೇನಕ್ಕ? ನಾ ಅಳತೀನಿ ಅಂತ ತಿಳದಿದ್ದಿ?"

"ನೀ ಅಳತಿದ್ದಿಲ್ಲ," ಎಂದಳು ಸುನಿತಾ. "ನಾ ಅಳತಿದ್ದೆ."

ಹೇಳಿದ ಮೇಲೆ ನಿಜವಾಗಿಯೂ ಅತ್ತಳು. ಶಾಯಿಸ್ತಾ ಗಾಡಿ ನಿಲ್ಲಿಸಲಿಲ್ಲ. ಹೆದ್ದಾರಿಯಲ್ಲಿ ಹಾಗೆಲ್ಲ ನಿಲ್ಲಿಸುವಂತಿಲ್ಲ. ಎಡಗೈಯಿಂದ ಟಿಶ್ಯೂ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. ಸುನಿತಾ ಒಂದನ್ನು ಎಳೆದಳು, ಎರಡು ಬಂದವು, ಒಂದನ್ನು ಮಡಿಚಿ ವಾಪಸ್ ಡಬ್ಬಿಯೊಳಗೆ ತುರುಕಿದಳು. ಕುಷ್ಟಗಿ ಬಂದಾಗ ಶಾಯಿಸ್ತಾ ಅವಳನ್ನು ಓಣಿಯ ಬಾಯಿಗೆ ಇಳಿಸಿ, ಸೋಮವಾರ ನಿನ್ನದೇ ಪಾಳಿ, ಇವತ್ತಿನದು ಬಾಕಿ ಇದೆ ಎಂದಳು.

ಸಿಟ್ಟು ಹೋಗಿತ್ತು ಎಂದಲ್ಲ. ಶಾಯಿಸ್ತಾಳಿಗೆ ಅದು ಮನೆಯಲ್ಲಿ ರೊಟ್ಟಿ ಬಡಿಯುವಾಗ ಬಂತು, ಆಸ್ಪತ್ರೆಯಲ್ಲಿ ಗುಳಿಗೆ ಎಣಿಸುವಾಗ ಬಂತು. ಗೆಳತಿ ಗಂಡನ ಹತ್ತಿರ ಹೋಗುವುದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ, ಹುಡುಕದೆ ಇರಲೂ ಆಗಲಿಲ್ಲ. ಎರಡು ವರ್ಷದ ವಾರಂಟಿ ತನಗೇಕೆ ಅಷ್ಟು ಬೇಕೆನಿಸಿತ್ತು ಎಂಬುದು ಈಗ ಅವಳಿಗೇ ತಿಳಿಯಿತು. ಎರಡು ವರ್ಷಕ್ಕೆ ಹಣ ಕಟ್ಟಿದರೆ ಎರಡು ವರ್ಷ ಹೀಗೆಯೇ ಹೋಗಿಬರುತ್ತೇವೆ ಎಂದು ಅವಳು ಎಲ್ಲೋ ಅಂದುಕೊಂಡಿದ್ದಳು. ವಾಹೀದ ಹೇಳಿದ ಪಟ್ಟಿಯಲ್ಲಿ ಅದು ಇರಲಿಲ್ಲ.

ಕಾರು ಮಾರಿಬಿಡು, ಬಸ್ಸುಗಳು ಈಗ ಸುಧಾರಿಸಿವೆ ಎಂದು ತಾಹೇರ ಹೇಳಿ ನೋಡಿದ. ಅವನು ಆ ಬಸ್ಸಿನಲ್ಲಿ ಎಂದೂ ಹೋದವನಲ್ಲ. ಮಾರುವುದಿಲ್ಲ, ನಾನೊಬ್ಬಳೇ ಇಟ್ಟುಕೊಳ್ಳುತ್ತೇನೆ ಎಂದಳು ಶಾಯಿಸ್ತಾ. ಸುನಿತಾಳ ಪಾಲಿನ ಲೆಕ್ಕವನ್ನು ಗಂಡಂದಿರಿಬ್ಬರೂ ಒಂದು ಭಾನುವಾರ ಕೂತು ಮುಗಿಸಿದರು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ತಿಂಗಳ ಕೊನೆಯ ದಿನ ಮಧ್ಯಾಹ್ನ ಅವಳು ವಾಹೀದನಿಗೆ ಫೋನ್ ಮಾಡಿ ಒಂದು ವರ್ಷದ್ದು ಸಾಕು ಎಂದಳು. ಎರಡು ವರ್ಷದ್ದರಲ್ಲಿ ಲಾಭ ಹೆಚ್ಚೆಂದು ಅವನು ತಿಳಿಸಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, ಇಬ್ಬರಿಗೆ ಎರಡು ವರ್ಷ ಬೇಕಾಗಿತ್ತು, ಒಬ್ಬಳಿಗೆ ಒಂದು ಸಾಕು ಎಂದಳು. ಅದು ಯಾವ ಲೆಕ್ಕವೆಂದು ವಾಹೀದನಿಗೆ ತಿಳಿಯಲಿಲ್ಲ, ಆದರೆ ಹಣ ಜಮೆಯಾದ ಮೇಲೆ ಕೇಳಲಿಲ್ಲ. ಮರುದಿನ ಹಾದಿಯಲ್ಲಿ ಈ ಸುದ್ದಿ ಕೇಳಿದ ಸುನಿತಾ, ಕೊಳ್ಳುವುದೇ ಆಗಿದ್ದರೆ ಎರಡು ವರ್ಷದ್ದು ಕೊಳ್ಳಬೇಕಿತ್ತು, ಒಂದು ವರ್ಷದ್ದು ಶುದ್ಧ ನಷ್ಟ ಎಂದಳು. ಇಬ್ಬರೂ ಯಲಬುರ್ಗಾ ಮುಟ್ಟುವವರೆಗೆ ಅದರ ಮೇಲೆ ಜಗಳಾಡಿದರು. ಈ ಸಲದ ಜಗಳ ನಿಜವಾಗಿಯೂ ವಾರಂಟಿಯ ಬಗ್ಗೆಯೇ ಇತ್ತು.

ಪರೀಕ್ಷೆ ಮುಗಿಯಿತು. ಸುನಿತಾ ಸಾಮಾನು ಕಟ್ಟಿಕೊಂಡು ಗಂಗಾವತಿಗೆ ಹೋದಳು.

ಆ ವರ್ಷ ಕಾರಿನಲ್ಲಿ ವಾರಂಟಿಗೆ ಸಂಬಂಧಪಟ್ಟದ್ದು ಯಾವುದೂ ಕೆಡಲಿಲ್ಲ. ಗ್ರಾನೈಟ್ ಲಾರಿಯಿಂದ ಸಿಡಿದ ಒಂದು ಚೂರು ಮುಂದಿನ ಗಾಜಿಗೆ ಬಡಿದು ಅದು ಜೇಡರಬಲೆಯಂತೆ ಬಿರುಕು ಬಿಟ್ಟಿತು. ಒಂದು ಇಲಿ ಒಂದು ವೈರು ಕಡಿಯಿತು. ಪಕ್ಕದ ಸೀಟಿನಲ್ಲಿ ಈಗ ಸುನಿತಾಳ ಜಾಗಕ್ಕೆ ಬಂದ ಹೇಮಾವತಿ ಎಂಬ ಹೊಸ ಉಪನ್ಯಾಸಕಿ ಕೂರುತ್ತಿದ್ದಳು. ಒಳ್ಳೆಯ ಹುಡುಗಿ. ಕಾರು ಹತ್ತಿದ ಕೂಡಲೇ ನಿದ್ದೆ ಮಾಡುತ್ತಿದ್ದಳು.

ಫೋನಿನಲ್ಲಿ ಮಾತು ಸರಿ ಹೊಂದಲಿಲ್ಲ. ಇಬ್ಬರೂ ಪ್ರಯತ್ನಪಟ್ಟರು. ಊಟವಾಯಿತೇ, ಸೆಖೆ ಹೇಗಿದೆ, ಅಕ್ಕಿ ಅಲ್ಲಿ ಏನು ರೇಟು ಎಂದು ಕೇಳಿ ಮುಗಿಯುತ್ತಿತ್ತು. ಅವರಿಗೆ ಒಬ್ಬರ ಮುಖ ಒಬ್ಬರು ನೋಡದೆ, ಎದುರಿನ ರಸ್ತೆ ನೋಡುತ್ತ ಮಾತಾಡಿ ರೂಢಿಯಾಗಿತ್ತು. ಫೋನಿನಲ್ಲಿ ಮುಖ ಕಾಣುವುದಿಲ್ಲ ನಿಜ, ಆದರೆ ರಸ್ತೆಯೂ ಕಾಣುವುದಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಸುನಿತಾ ಬಸ್ಸಿನಲ್ಲಿ ಕುಷ್ಟಗಿಗೆ ಬಂದಳು. ಶಾಯಿಸ್ತಾಳ ಮನೆಯಲ್ಲಿ ಊಟ ಮಾಡಿದಳು, ತಾಹೇರನಿಗೆ ಕ್ಷೇಮಸಮಾಚಾರ ಹೇಳಿದಳು, ಆಮೇಲೆ ಇಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕೂತರು. ಮಾತು ಬರಲಿಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಶಾಯಿಸ್ತಾ ಎದ್ದು ಕಾರಿನ ಕೀ ತಗೊಂಡಳು.

"ಎಲ್ಲಿಗಿ?" ಎಂದಳು ಸುನಿತಾ.

"ಯಲಬುರ್ಗಾಕ್ಕ."

"ಇವತ್ತ ರಜಾ ಐತಲ್ಲ."

"ನಡಿ ಅಕ್ಕ. ನಿಂದೊಂದು ಪಾಳಿ ಬಾಕಿ ಐತಿ ಅಂತ ತಿಳಕೊ," ಎಂದು ಕೀ ಅವಳ ಕೈಗೆ ಕೊಟ್ಟಳು.

ಊರ ಹೊರಗೆ ಬರುವಷ್ಟರಲ್ಲಿ ಸುನಿತಾ ಮಾತಾಡಲು ಶುರುಮಾಡಿದ್ದಳು. ಗಂಗಾವತಿಯ ಕಾಲೇಜು ಹತ್ತಿರವೇ ಇದೆ, ಮನೆಯಿಂದ ಹೊರಟರೆ ಏನನ್ನಾದರೂ ನೆನೆಯುವಷ್ಟರಲ್ಲಿ ಬಂದೇಬಿಡುತ್ತದೆ, ಹಾಗಾಗಿ ಇತ್ತೀಚೆಗೆ ತಾನು ಏನನ್ನೂ ವಿಚಾರ ಮಾಡಿಲ್ಲ ಎಂದಳು. ಕೊಟ್ರೇಶನ ಜೊತೆ ದಿನಾ ಇರುವುದು ಒಳ್ಳೆಯದೇ, ಆದರೆ ಅವನು ಊಟಕ್ಕೆ ಕೂತಾಗ ಬ್ಯಾಂಕಿನ ಬಡ್ಡಿ ದರ ಹೇಳುತ್ತಾನೆ ಎಂದಳು. ಶಾಯಿಸ್ತಾ ಹೇಮಾವತಿಯ ನಿದ್ದೆಯ ಬಗ್ಗೆ ಹೇಳಿದಳು. ಆಮೇಲೆ ಯಾರಿಗೂ ಹೇಳದ ಇನ್ನೊಂದು ಮಾತನ್ನೂ ಹೇಳಿದಳು.

ಯಲಬುರ್ಗಾದಲ್ಲಿ ಕಾಲೇಜಿನ ಗೇಟಿಗೆ ಬೀಗ ಬಿದ್ದಿತ್ತು. ಬಸ್‌ಸ್ಟ್ಯಾಂಡಿನ ಎದುರು ಗಾಡಿ ನಿಲ್ಲಿಸಿ ಮಿರ್ಚಿ ತಿಂದು ಚಹಾ ಕುಡಿದರು. ಆಸ್ಪತ್ರೆಯ ನರ್ಸೊಬ್ಬಳು ಅವರನ್ನು ಕಂಡು, ಭಾನುವಾರ ಏನು ಕೆಲಸಕ್ಕೆ ಬಂದಿರಿ ಎಂದು ಕೇಳಿದಳು. ಏನೂ ಇಲ್ಲ, ಚಹಾ ಕುಡಿಯಲು ಬಂದೆವು ಎಂದಳು ಶಾಯಿಸ್ತಾ. ನರ್ಸು ಅವರ ಕಪ್ಪುಗಳನ್ನೂ ಕಾರನ್ನೂ ನೋಡಿ, ಇನ್ನೇನೂ ಕೇಳದೆ ಹೋದಳು.

ಹೊರಡುವಾಗ ಶಾಯಿಸ್ತಾ ಸ್ಟೇರಿಂಗಿಗೆ ಕೂತಳು. ಹೇಳಬೇಕಾದದ್ದು ಇನ್ನೂ ಉಳಿದಿತ್ತು, ಅದಕ್ಕೆ ಸ್ವಲ್ಪ ನಿಧಾನವಾಗಿಯೇ ನಡೆಸಿದಳು.