ಅವನು ಬಿಗಿದ ಪ್ರೆಸ್ಸು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಕಣ್ಣು ಬಿಟ್ಟಾಗ ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಒರೆಸುತ್ತಿದ್ದ ಸದ್ದು, ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು, ಎರಡೂ ನೀರಿನ ಅಡಿಯಿಂದ ಬಂದ ಹಾಗೆ ಬಂದವು. ಒಂದು ವಾರ ಮನೆ ತುಂಬ ಜನ ಇದ್ದರು. ಉಣ್ಣು ಅನ್ನುವವರು ಒಬ್ಬರು, ಮಲಗು ಅನ್ನುವವರು ಇನ್ನೊಬ್ಬರು. ಇವತ್ತು ಹೇಳುವವರಿಲ್ಲ. ಉಣ್ಣಬೇಕೋ ಮಲಗಬೇಕೋ ಅವಳಿಗೆ ತಿಳಿಯಲಿಲ್ಲ.

ಎದ್ದು ಮುಂದಿನ ಕೋಣೆಗೆ ಬಂದಳು. ಅದು ಗಂಡನ ಕೆಲಸದ ಕೋಣೆ. ಅವನು ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಕಿಟಕಿಯ ಬಿಸಿಲಿನಲ್ಲಿ ಕಾಗದದ ಧೂಳು ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ತೇಲುತ್ತಿತ್ತು. ರಟ್ಟಿನ ಚೂರುಗಳು, ದಾರದ ಉಂಡೆ, ಒಣಗಿ ಗಾಜಿನಂತಾದ ಅಂಟಿನ ಡಬ್ಬಿ. ಬೆಂಚಿನ ನಡುವೆ ಕಬ್ಬಿಣದ ಪ್ರೆಸ್ಸು. ಎರಡು ದಪ್ಪ ಹಲಗೆ, ಮೇಲೊಂದು ತಿರುಪು, ತಿರುಪಿಗೆ ಅಡ್ಡಲಾಗಿ ಹಿಡಿಕೆ. ಹಲಗೆಗಳ ನಡುವೆ ಚರ್ಚಿನ ಹನ್ನೆರಡು ಹಾಡಿನ ಪುಸ್ತಕಗಳು ಸಿಕ್ಕಿಕೊಂಡಿದ್ದವು. ಹೇಳಬಾರದ್ದನ್ನು ಹೇಳದೆ ತುಟಿ ಕಚ್ಚಿಕೊಂಡ ಮನುಷ್ಯನ ಹಾಗೆ ಕಾಣುತ್ತಿತ್ತು ಅದು.

ಅವನು ಅದನ್ನು ಬಿಗಿದ ದಿನ ಗುರುವಾರ. ಮಧ್ಯಾಹ್ನ ಕೊನೆಯ ಸುತ್ತು ಬಿಗಿದು, ಕೈ ಒರೆಸಿಕೊಂಡು, "ಸ್ವಲ್ಪ ಒರಗಿಕೊಳ್ತೀನಿ, ಚಹಾ ಆದಾಗ ಕರಿ" ಅಂದಿದ್ದ. ಚಹಾ ಆಯಿತು. ಕರೆದಳು. ಅವನು ಏಳಲಿಲ್ಲ.

ಅವಳು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವಳು. ಮನುಷ್ಯ ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ ಅಂತ ನೂರಿಪ್ಪತ್ತು ಪುಟ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು. ಆ ಪ್ರಬಂಧಕ್ಕೆ ರಟ್ಟು ಹಾಕಿಸಲು ಬಂದಾಗಲೇ ಅವನ ಪರಿಚಯವಾದದ್ದು. "ಇಷ್ಟೊಂದು ಬರೆದಿದ್ದೀರಲ್ಲ, ಕೊನೆಗೆ ಏನಂತೆ?" ಅಂತ ಕೇಳಿದ್ದ.

"ಎದ್ದೆಯಾ?" ಅತ್ತೆ ಬಾಗಿಲಲ್ಲಿ ನಿಂತಿದ್ದರು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. "ಚರ್ಚಿನ ಸಭೆಯವರು ಊಟ ತಂದುಕೊಟ್ಟ ಪಾತ್ರೆ ಎಲ್ಲ ಒರೆಸಿಟ್ಟಿದ್ದೀನಿ. ಯಾವ ಮುಚ್ಚಳ ಯಾವ ಪಾತ್ರೆದು ಅಂತ ಆ ಪ್ರಭುವಿಗೇ ಗೊತ್ತು. ಇವತ್ತು ಒಬ್ಬೊಬ್ಬರಿಗೇ ಕೊಟ್ಟು ಬರ್ತೀನಿ."

"ಹೂಂ."

"ಇದೂ ನಮ್ಮದಲ್ಲ ಕಣೇ," ಅಂದರು ಅತ್ತೆ, ಗಲ್ಲದಿಂದಲೇ ಪ್ರೆಸ್ಸಿನ ಕಡೆ ತೋರಿಸಿ.

ಗಂಡನ ಸ್ವಂತ ಪ್ರೆಸ್ಸಿನ ತಿರುಪು ಸವೆದುಹೋಗಿತ್ತು. ಇದು ಒಂದು ವಾರದ ಮಟ್ಟಿಗೆ ಗೆಳೆಯನಿಂದ ಎರವಲು ತಂದದ್ದು. ಆ ಗೆಳೆಯನೂ ಬೈಂಡರೇ. ಮಾವ ಬದುಕಿದ್ದಾಗ ಇಬ್ಬರೂ ಅವರ ಕೈಕೆಳಗೆ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಯಾರ ಮನೆಗೆ ಹೋದರೂ ಕೂತಲ್ಲಿಂದ ಏಳದವನಾದ್ದರಿಂದ ಅವನಿಗೆ ಗೋಂದು ಅಂತ ಹೆಸರು ಬಿದ್ದಿತ್ತು. ಈಗ ಊರಿಗೆಲ್ಲ ಗೋಂದಣ್ಣ.

"ಇರಲಿ ಬಿಡಿ," ಅಂದಳು.

"ಎಷ್ಟು ದಿನ?"

ಮಣ್ಣು ಮಾಡಿದ ಮೂರನೆಯ ದಿನ ಗೋಂದಣ್ಣ ಬಂದಿದ್ದ. ಒಳಗಿನ ಬಾಗಿಲ ಸಂದಿಯಿಂದ ಅವಳು ನೋಡುತ್ತಿದ್ದಳು. ಅವನು ಕೂರಲಿಲ್ಲ. ಅವಳನ್ನು ಕರೆಯಲಿಲ್ಲ, ಸಮಾಧಾನದ ಒಂದು ಮಾತಿಲ್ಲ. ನೇರ ಬೆಂಚಿನ ಹತ್ತಿರ ಹೋಗಿ, ಪ್ರೆಸ್ಸಿನ ಹಿಡಿಕೆಯ ಮೇಲೆ ಬೆರಳಾಡಿಸಿ, ಬಗ್ಗಿ ಹಲಗೆಗಳ ನಡುವೆ ಇಣುಕಿ ನೋಡಿ, ಬಂದ ಹಾಗೆ ಹೋಗಿದ್ದ. ಗೆಳೆಯ ಮಣ್ಣಿನಡಿ ಹೋಗಿ ಮೂರು ದಿನ ಆಗಿಲ್ಲ, ತನ್ನ ಕಬ್ಬಿಣ ಕ್ಷೇಮವಾಗಿದೆಯೋ ಅಂತ ನೋಡಿಕೊಂಡು ಹೋದ! ಅವಳಿಗೆ ಮೈಯೆಲ್ಲ ಜೋಮು ಹಿಡಿದ ಹಾಗಿತ್ತು. ಅತ್ತಿರಲಿಲ್ಲ. ಆ ಸಿಟ್ಟೊಂದು ಮಾತ್ರ ಜೋಮಿನೊಳಗೆ ಚುರುಚುರು ಅನ್ನುತ್ತಿತ್ತು. ಬೇರೇನೂ ಅನ್ನಿಸದಿರುವಾಗ ಅದನ್ನೂ ಬಿಟ್ಟುಕೊಡಲು ಅವಳಿಗೆ ಇಷ್ಟವಿರಲಿಲ್ಲ.

ಇನ್ನೊಂದು ಮಾತೂ ಇತ್ತು; ಅದನ್ನು ಅವಳು ತನಗೇ ಸರಿಯಾಗಿ ಹೇಳಿಕೊಂಡಿರಲಿಲ್ಲ. ಆ ತಿರುಪು ಗಂಡನ ಕೈ ನಿಲ್ಲಿಸಿದ ಜಾಗದಲ್ಲೇ ನಿಂತಿತ್ತು. ಬಿಚ್ಚಿದರೆ, ಅವನ ಕೈಯ ಬಲ ಅಂತ ಈ ಲೋಕದಲ್ಲಿ ಉಳಿದಿದ್ದು ಅಷ್ಟೂ ಬಿಚ್ಚಿಹೋಗುತ್ತಿತ್ತು.

ಸಂಜೆ ಊಟಕ್ಕೆ ಮುಂಚೆ ಅತ್ತೆ ಸೊಸೆ ಮೇಜಿನ ಎದುರು ಬದುರು ಕೂತು, ಕೈ ಜೋಡಿಸಿ, ಚಿಕ್ಕಂದಿನಿಂದ ಬಾಯಿಪಾಠವಾದ ಪ್ರಾರ್ಥನೆ ಹೇಳುತ್ತಿದ್ದರು. ಮೊದಲು ಮೂರು ದನಿ ಇದ್ದದ್ದು ಈಗ ಎರಡು. ನಮ್ಮ ತಪ್ಪು ಕ್ಷಮಿಸು, ನಾವೂ ಬೇರೆಯವರದ್ದು ಕ್ಷಮಿಸಿದ್ದೇವೆ ಅನ್ನುವ ಸಾಲು ಬಂದಾಗ ಅಲ್ಲಿ ಅತ್ತೆಯ ದನಿ ಒಂದೇ ಉಳಿಯಿತು. ಮರುಸಾಲಿಗೆ ಅವಳು ಮತ್ತೆ ಸೇರಿಕೊಂಡಳು. ಮರುದಿನವೂ ಹಾಗೇ. ಅದರ ಮರುದಿನ ಅತ್ತೆ ಆಮೆನ್ ಅಂದವರೇ ಕಣ್ಣು ತೆರೆದು,

"ಆ ಸಾಲು ಮರೆತುಹೋಯ್ತಾ?" ಅಂತ ಕೇಳಿದರು.

"ಇಲ್ಲ ಅತ್ತೆ."

"ಹಾಗಾದ್ರೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ನೀರು ಕುಡಿ."

ಅಷ್ಟೇ ಅಂದು ಅನ್ನ ಬಡಿಸಿದರು.

ಕೊನೆಯ ಪಾತ್ರೆ ಕೊಟ್ಟು ಬಂದ ದಿನ ಅತ್ತೆ ಚಪ್ಪಲಿ ಬಿಡುವ ಮುಂಚೆಯೇ ಮಾತು ಶುರು ಮಾಡಿದರು. "ಗೋಂದುವಿನ ಅಂಗಡಿ ಮುಂದಿನಿಂದ ಬಂದೆ. ಕಲ್ಲು ಇಟ್ಕೊಂಡು ಕೆಲಸ ಮಾಡ್ತಿದ್ದಾನೆ ಕಣೇ, ಕಲ್ಲು!"

"ಕಲ್ಲಾ?"

"ಪುಸ್ತಕದ ಮೇಲೆ ಹಲಗೆ, ಹಲಗೆ ಮೇಲೆ ಚಪ್ಪಡಿ ಕಲ್ಲು, ಅದರ ಮೇಲೆ ಹೊಲಿಗೆ ಮಿಷನ್ನಿನ ತಲೆ. ಶಾಲೆಯವರು ಕೊಟ್ಟ ನಲವತ್ತು ಪುಸ್ತಕದ ರಟ್ಟು ಹಪ್ಪಳದ ಹಾಗೆ ಸೊಟ್ಟ ಎದ್ದಿದೆ. ವಾಪಸ್ಸು ಕಳಿಸಿದ್ದಾರಂತೆ. ನನ್ನನ್ನ ನೋಡಿ, ನಾನು ನೋಡಬಾರದು ಅಂತ ಅಡ್ಡ ನಿಂತ್ಕೊಂಡ. ಅವನ ಅಗಲಕ್ಕೆ ಏನು ಮುಚ್ಚುತ್ತೆ?"

"ಬಂದು ತಗೊಂಡು ಹೋಗಬಹುದಿತ್ತಲ್ಲ. ಅವತ್ತು ಅದಕ್ಕೇ ತಾನೆ ಬಂದಿದ್ದು."

ಅತ್ತೆ ಅವಳ ಮುಖ ನೋಡಿದರು. ಗಂಟಲಲ್ಲಿ ಸಿಕ್ಕಿಕೊಂಡಿದ್ದು ಏನು ಅಂತ ಅವರಿಗೆ ಆಗ ತಿಳಿಯಿತು. ಮೆಲ್ಲಗೆ ಮುಂದಿನ ಕೋಣೆಯ ಸ್ಟೂಲಿನ ಮೇಲೆ ಕೂತರು.

"ನಿಂಗೆ ಇದು ಗೊತ್ತಿಲ್ಲ ಅಲ್ವಾ? ನಿಮ್ಮ ಮಾವನ ಕಟ್ಟಳೆ ಅದು. ಪ್ರೆಸ್ಸು ಬಿಗಿದವನೇ ಬಿಚ್ಚಬೇಕು. ಅಂಟು ಯಾವಾಗ ಹಾಕಿದ್ದು, ಎಷ್ಟು ಹಸಿ ಇದೆ ಅನ್ನೋದು ಬಿಗಿದವನಿಗೆ ಮಾತ್ರ ಗೊತ್ತಿರುತ್ತೆ ನೋಡು. ಒಂದ್ಸಲ ಈ ಗೋಂದು ನಿನ್ನ ಗಂಡ ಬಿಗಿದಿದ್ದನ್ನ ಹಸಿಹಸಿಯಾಗಿ ಬಿಚ್ಚಿ, ಚರ್ಚಿನ ಮದುವೆ ದಾಖಲೆ ಪುಸ್ತಕ ಪೂರ್ತಿ ಅಂಟಿಕೊಂಡು ಹೋಯ್ತು. ಆರು ಜೋಡಿ ಗಂಡ ಹೆಂಡ್ತಿನ ಬಿಡಿಸೋಕೆ ಆಗ್ಲಿಲ್ಲ." ಅತ್ತೆಗೆ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡರು. "ಅವತ್ತಿಂದ ಅವನು ಇನ್ನೊಬ್ಬರು ಬಿಗಿದ ಹಿಡಿಕೆ ತಿರುಗಿಸಿದ್ದಿಲ್ಲ. ಮೊನ್ನೆ ಬಂದ. ಬಿಗಿದೇ ಇದೆ ಅಂತ ನೋಡಿದ. ಹೋದ."

ಅವಳು ಬೆಂಚಿನ ಅಂಚು ಹಿಡಿದುಕೊಂಡಳು. ಕೋಣೆ ಒಂದು ಗಳಿಗೆ ದೋಣಿಯ ಹಾಗೆ ಅತ್ತಿತ್ತ ಆಡಿತು.

"ಅಂಟು ಒಣಗಿ ಎಷ್ಟು ದಿನ ಆಯ್ತು ಅತ್ತೆ. ಯಾರು ಬಿಚ್ಚಿದ್ರೂ ಏನು?"

"ಅದನ್ನ ಅವನಿಗೆ ಹೇಳು."

"ಬಿಗಿದವನು ಬರೋದಿಲ್ಲವಲ್ಲ."

"ಬರ್ತಾನೆ, ಪುನರುತ್ಥಾನದ ದಿನ. ಆದರೆ ಅವತ್ತು ಅವನಿಗೆ ಬೇರೆ ಕೆಲಸ ಇರುತ್ತೆ. ಪ್ರೆಸ್ಸು ಬಿಚ್ಚೋಕೆ ಇಲ್ಲಿಗೆ ಬರ್ತಾನೆ ಅಂತ ನೀವಿಬ್ಬರೂ ಕಾಯ್ತಾ ಕೂತ್ರೆ ಶಾಲೆ ಮಕ್ಕಳು ಓದೋದು ಹೇಗೆ?" ಅತ್ತೆ ಎದ್ದು ಅವಳ ಬಲಗೈ ಹಿಡಿದು, ಅಂಗೈ ಮೇಲೆ ಮಾಡಿ, ಕೊಂಡ ತರಕಾರಿ ನೋಡುವ ಹಾಗೆ ನೋಡಿದರು. "ಮದುವೆ ದಿನ ಪಾದ್ರಿ ಏನಂದ್ರು? ಇನ್ನು ಮೇಲೆ ಇಬ್ಬರಲ್ಲ, ಒಬ್ಬರೇ ಅಂತ ತಾನೆ? ಪೀಠದ ಮುಂದೆ ನಿಂತು ಹೂಂ ಅಂದಿದ್ದೀಯ. ಹಾಗಿದ್ರೆ ಬಿಗಿದ ಕೈ ಇದೂ ಹೌದು."

ಅವತ್ತು ಪ್ರಾರ್ಥನೆಯಲ್ಲಿ ಆ ಸಾಲು ಬಂದಾಗ ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಅತ್ತೆ ಅವಸರ ಮಾಡಲಿಲ್ಲ.

ಬೆಳಿಗ್ಗೆ ಅವಳೇ ಹೋಗಿ ಕೆಳಮನೆಯ ಬಾಣಂತಿಯ ಹತ್ತಿರ ಮಗುವಿನ ತಳ್ಳುಗಾಡಿ ಕೇಳಿದಳು. ಸಾವಿನ ಮನೆಯವಳು ತಳ್ಳುಗಾಡಿ ಕೇಳುವುದನ್ನು ನೋಡಿ ಆ ಹುಡುಗಿ ಗಾಬರಿಯಾಗಿ, ಮಗುವನ್ನು ಎತ್ತಿಕೊಂಡು ಗಾಡಿ ಕೊಟ್ಟಳು. "ಎರವಲು ಹಿಂದಕ್ಕೆ ಕೊಡೋಕೆ ಇನ್ನೊಂದು ಎರವಲು," ಅಂದರು ಅತ್ತೆ. "ನಮ್ಮ ಮನೆತನ ಉದ್ಧಾರ ಆದಂಗೆ."

ಪ್ರೆಸ್ಸು ಎತ್ತುವ ಮುಂಚೆ, "ಇಲ್ಲೇ ಬಿಚ್ಚಿಬಿಡು, ಹಗುರ ಆಗುತ್ತೆ," ಅಂದರು ಅತ್ತೆ.

"ಇಲ್ಲಿ ಬೇಡ ಅತ್ತೆ. ಗೋಂದಣ್ಣನ ಮುಂದೆ ಬಿಚ್ಚಬೇಕು."

ಇಬ್ಬರೂ ಏದುಸಿರು ಬಿಡುತ್ತ ಪ್ರೆಸ್ಸನ್ನು ಒಂದೊಂದೇ ಮೆಟ್ಟಿಲು ಇಳಿಸಿ ಗಾಡಿಯಲ್ಲಿ ಮಲಗಿಸಿದರು. ಅತ್ತೆ ಮೇಲೊಂದು ಟವೆಲ್ ಹೊದಿಸಿದರು.

"ಅದೇಕೆ?"

"ಶೀತ ಆದೀತು," ಅಂದರು ಅತ್ತೆ, ಮುಖ ಸಡಿಲ ಮಾಡದೆ.

ಬೀದಿ ತುಂಬ ಬೆಳಕಿತ್ತು. ಅಂಗಡಿಗಳ ಬಾಗಿಲು ಅರ್ಧ ಎದ್ದಿದ್ದವು. ಗಾಡಿಯ ಪುಟ್ಟ ಚಕ್ರಗಳು ಭಾರಕ್ಕೆ ಕೀಚಲು ದನಿಯಲ್ಲಿ ಕೂಗುತ್ತಿದ್ದವು. ಔಷಧಿ ಅಂಗಡಿಯವನು ಗಾಡಿಯೊಳಗೆ ಬಗ್ಗಿ ನೋಡಿ, ಕಬ್ಬಿಣದ ಹಿಡಿಕೆ ಕಂಡು, ಏನೂ ಕೇಳದೆ ಎದ್ದು ನಿಂತು ತಲೆ ಬಾಗಿಸಿದ. ಅವಳಿಗೆ ತಾನು ನಡೆಯುತ್ತಿಲ್ಲ, ಬೀದಿಯೇ ತನ್ನ ಕಡೆ ನಿಧಾನವಾಗಿ ಬರುತ್ತಿದೆ ಅನ್ನಿಸಿತು. ಮರದ ನೆರಳು ಬಂತು, ಹೋಯಿತು. ತಂತಿಯ ಮೇಲೆ ಒಣಗಲು ಹಾಕಿದ ಬಿಳಿ ಬಟ್ಟೆಗಳು ಬಂದವು, ಹೋದವು. ಇಷ್ಟು ದಿನ ಇವೆಲ್ಲ ಎಲ್ಲಿದ್ದವು?

ಗೋಂದಣ್ಣ ನೆಲದ ಮೇಲೆ ಕೂತು ಕಲ್ಲಿನಡಿಯಿಂದ ಪುಸ್ತಕ ಎಳೆಯುತ್ತಿದ್ದ. ಅವಳನ್ನು ಕಂಡು ಎದ್ದ ರಭಸಕ್ಕೆ ಅಂಟಿನ ಡಬ್ಬಿ ಉರುಳಿತು.

"ಅತ್ತಿಗೆ! ನೀವ್ಯಾಕೆ ತಂದ್ರಿ? ನಾನು ಕೇಳಿರಲಿಲ್ಲವಲ್ಲ. ಅಮ್ಮ, ನೀವಾದ್ರೂ..."

"ನನ್ನ ಕೇಳಬೇಡ, ನಾನು ಗಾಡಿ ತಳ್ಳೋಳು," ಅಂದರು ಅತ್ತೆ. "ಮೊದಲು ಆ ಅಂಟು ಒರೆಸು, ಯಾರಾದ್ರೂ ಕೂತ್ರೆ ನಿನ್ನ ಹಾಗೇ ಆಗ್ತಾರೆ."

ಮೂವರೂ ಸೇರಿ ಪ್ರೆಸ್ಸನ್ನು ಇಳಿಸಿ ಹೊಸ್ತಿಲ ಒಳಗೆ ಇಟ್ಟರು. ಅವನು ಅದನ್ನು ನೋಡಿದ. ಬಿಗಿದೇ ಇತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಅಣ್ಣ," ಅಂದಳು ಅವಳು. ಬಹಳ ದಿನದ ಮೇಲೆ ತನ್ನ ದನಿ ತನಗೇ ಹತ್ತಿರದಿಂದ ಕೇಳಿಸಿತು. "ಅವತ್ತು ನೀವು ಬಂದಾಗ ನಾನು ಬೇರೆ ಏನೋ ತಿಳ್ಕೊಂಡೆ. ಇಷ್ಟು ದಿನ ನಿಮ್ಮ ಮೇಲೆ ಸಿಟ್ಟು ಇಟ್ಕೊಂಡಿದ್ದೆ. ನನ್ನ ಕ್ಷಮಿಸಿ."

ಕ್ಷಮಿಸಬೇಕಾದವಳು ತಾನು ಅಂದುಕೊಂಡೇ ಅವಳು ಇಷ್ಟು ದಿನ ಆ ಸಾಲಿನ ಮುಂದೆ ನಿಂತಿದ್ದಳು. ಸಾಲಿನ ಮೊದಲರ್ಧ ತನ್ನದು ಅಂತ ಹೊಳೆದೇ ಇರಲಿಲ್ಲ.

ಗೋಂದಣ್ಣ ಒಂದು ಹೆಜ್ಜೆ ಮುಂದೆ ಬಂದ. "ಅಯ್ಯೋ, ಒಳಗೆ ಬಂದು ನಿಮ್ಮನ್ನ ಮಾತಾಡಿಸಬೇಕಿತ್ತು ಅತ್ತಿಗೆ. ನಂಗೆ ಆಗ್ಲಿಲ್ಲ. ಅವನ ಬಿಗಿತ ನೋಡಿದ್ದೇ ಬಾಯಿ ಕಟ್ಟಿಹೋಯ್ತು. ಅವನು ಯಾವಾಗಲೂ ಅರ್ಧ ಸುತ್ತು ಜಾಸ್ತಿ ಬಿಗೀತಾನೆ. ನೀವು ಕ್ಷಮಿಸಿದ್ರೆ ನಾನೂ ಕ್ಷಮಿಸ್ತೀನಿ, ಆಗಬಹುದಾ?"

"ಆಗಬಹುದು."

ಅವಳು ಹಿಡಿಕೆ ಹಿಡಿದು ತಿರುಗಿಸಿದಳು. ಜಪ್ಪಯ್ಯ ಅಂದರೂ ಅದು ಕದಲಲಿಲ್ಲ. ಕಾಲು ಅಗಲ ಮಾಡಿ, ಮೈಭಾರವೆಲ್ಲ ಹಾಕಿದಳು. ಗೋಂದಣ್ಣನ ಕೈ ಬೆನ್ನ ಹಿಂದಿನಿಂದ ಮುಂದೆ ಬಂದು ಮತ್ತೆ ಹಿಂದೆ ಹೋಯಿತು. ಅತ್ತೆ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಕಬ್ಬಿಣ ಕಿರ್ ಅಂತ ಒಮ್ಮೆ ನರಳಿ, ಸಡಿಲವಾಯಿತು. ಗಂಡನೇ ಹಿಂದಕ್ಕೆ ತಳ್ಳಿದ ಹಾಗೆ ಅವಳಿಗೆ ಅಂಗೈಯಲ್ಲಿ ಗೊತ್ತಾಯಿತು. ಆಮೇಲೆ ಹಿಡಿಕೆ ಹಗುರವಾಗಿ ತಾನೇ ತಿರುಗಿತು.

ಹನ್ನೆರಡು ಪುಸ್ತಕಗಳು ಚಪ್ಪಟೆಯಾಗಿ, ಮೂಲೆ ಮೂಲೆ ನೇರವಾಗಿ ಹೊರಗೆ ಬಂದವು. ಗೋಂದಣ್ಣ ಒಂದೊಂದನ್ನೇ ತೆರೆದು, ಬೆನ್ನು ಒತ್ತಿ ನೋಡಿ, ಪಕ್ಕಕ್ಕಿಟ್ಟ. ಒಂಬತ್ತನೆಯದರ ಹತ್ತಿರ ನಿಂತ. ಮುಚ್ಚಿದ, ತೆರೆದ, ತಿರುಗಿಸಿದ. ರಟ್ಟಿನ ಮೇಲಿನ ಅಕ್ಷರ ನೆಟ್ಟಗೆ ಹಿಡಿದರೆ ಒಳಗಿನ ಹಾಡುಗಳೆಲ್ಲ ತಲೆಕೆಳಗು.

"ತಲೆಕೆಳಗು ಕಟ್ಟಿದ್ದಾನೆ," ಅಂದ, ಪಿಸುದನಿಯಲ್ಲಿ. ಆಮೇಲೆ ಇಡೀ ಅಂಗಡಿಗೆ ಕೇಳುವ ಹಾಗೆ: "ತಲೆಕೆಳಗು ಕಟ್ಟಿದ್ದಾನೆ ಅಮ್ಮ! ಹದಿನೈದು ವರ್ಷದ ಹಿಂದೆ ನಾನು ಒಂದೇ ಒಂದು ಹೀಗೆ ಕಟ್ಟಿದ್ದಕ್ಕೆ ಸಿಕ್ಕಿದವರಿಗೆಲ್ಲ ಹೇಳಿ ಹೇಳಿ ನನ್ನ ಮಾನ ತೆಗೆದ. ಬಾರೋ ಈಗ! ಬಂದು ನೋಡೋ!"

ಮೊದಲು ನಕ್ಕವಳು ಅವಳು. ಹೊಟ್ಟೆಯೊಳಗಿಂದ ಬಂದ ಆ ನಗು ನಡುವೆ ಎಲ್ಲೋ ತಿರುಗಿ ಅಳುವಾಯಿತು. ಅವಳು ಹೊಸ್ತಿಲ ಮೇಲೆ ಕೂತು, ಅಂಟು ಒರೆಸಿದ್ದಾರೋ ಇಲ್ಲವೋ ಅಂತ ಕೂಡ ನೋಡದೆ, ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ತಳ್ಳುಗಾಡಿಯ ಟವೆಲ್ ತೆಗೆದು ಕೊಟ್ಟರು.

"ಬಿಚ್ಚಿ ಸರಿ ಮಾಡಿಕೊಡ್ಲಾ ಅತ್ತಿಗೆ?" ಗೋಂದಣ್ಣ ಆ ಪುಸ್ತಕ ಎತ್ತಿ ಹಿಡಿದು ಕೇಳಿದ. "ಅರ್ಧ ಗಂಟೆ ಕೆಲಸ. ಭಾನುವಾರ ಚರ್ಚಿಗೆ ಕೊಡಬೇಕಲ್ಲ."

"ಬೇಡ," ಅಂದಳು, ಮೂಗು ಒರೆಸಿಕೊಂಡು. "ಹಾಗೇ ಕೊಡೋಣ. ಯಾರ ಕೈಗೆ ಸಿಗುತ್ತೋ ಅವರು ತಿರುಗಿಸಿಕೊಂಡು ಹಾಡಲಿ."

ಒಳಗೆ ಗೋಂದಣ್ಣನ ಕೆಲಸದ ಬೆಂಚಿನ ಮೇಲೆ, ಹಳೆಯ ಮರ ಮಾಸಿದ್ದ ಕಡೆ ನಾಲ್ಕು ತಿಳಿಯಾದ ಗುರುತುಗಳಿದ್ದವು. ಪ್ರೆಸ್ಸು ವರ್ಷಗಟ್ಟಲೆ ಕೂತಿದ್ದ ಜಾಗ. ಅವಳು ಎದ್ದಳು. ಒಂದು ಕಡೆ ಅವಳು, ಇನ್ನೊಂದು ಕಡೆ ಗೋಂದಣ್ಣ ಹಿಡಿದು ಪ್ರೆಸ್ಸನ್ನು ಎತ್ತಿ ಬೆಂಚಿನ ಮೇಲಿಟ್ಟರು. ಒಂದು ಕಾಲು ಗುರುತು ತಪ್ಪಿ ಆಚೆ ನಿಂತಿತು. ಅವಳು ಸೊಂಟ ಕೊಟ್ಟು ಅಷ್ಟು ಸರಿಸಿದಳು. ನಾಲ್ಕೂ ಕಾಲು ಕೂತವು.